ಇಲ್ಲಿ ಬಿಸಿಲು, ಅಲ್ಲಿ ಬಿರುಗಾಳಿ: ಡಿಸೆಂಬರ್‌ನಲ್ಲಿ ಹಾವೇರಿಯಿಂದ ಚೆನ್ನೈಗೆ ಹೊರಡುವವರಿಗೆ

ಪ್ರಶ್ನೆ: ನಾವು ಹಾವೇರಿಯವರು. ಡಿಸೆಂಬರ್ ಎರಡನೇ ವಾರ ನಮ್ಮ ಅಣ್ಣನ ಮಗನ ಮದುವೆ ಚೆನ್ನೈನಲ್ಲಿದೆ, ಹುಡುಗಿ ಮನೆಯವರು ಅಲ್ಲೇ ಇರೋದು. ಹನ್ನೊಂದು ಜನ ಹೊರಟಿದ್ದೇವೆ. ಬೆಂಗಳೂರಿನವರೆಗೆ ಒಂದು ರೈಲು, ಅಲ್ಲಿಂದ ಇನ್ನೊಂದು. ಮದುವೆ ಹಿಂದಿನ ದಿನ ಮಧ್ಯಾಹ್ನ ತಲುಪುವ ಹಾಗೆ ಟಿಕೆಟ್ ಮಾಡಿಸಿದ್ದೇವೆ. ಮುಗಿಸಿಕೊಂಡು ರಾಮೇಶ್ವರಕ್ಕೆ ಹೋಗುವ ಆಸೆ. ಆ ಹೊತ್ತಿಗೆ ಸೈಕ್ಲೋನ್ ಬರುತ್ತೆ, ರೈಲು ರದ್ದಾಗುತ್ತೆ ಅಂತ ಎಲ್ಲರೂ ಹೆದರಿಸುತ್ತಿದ್ದಾರೆ. ಟಿಟಿ (ಟೆಂಪೋ ಟ್ರಾವೆಲರ್) ಬಾಡಿಗೆ ಮಾಡಿಕೊಂಡು ರಸ್ತೆಯಲ್ಲೇ ಹೋಗೋದು ಒಳ್ಳೆಯದಾ? ಅಪ್ಪನಿಗೆ 78 ವರ್ಷ, ಸಕ್ಕರೆ ಕಾಯಿಲೆ ಇದೆ, ಇನ್ಸುಲಿನ್ ತಗೋತಾರೆ. ಅವರನ್ನು ಕರ್ಕೊಂಡು ಹೋಗಬಹುದಾ?

ಉತ್ತರ:

ಅಕ್ಕಾವರೇ, ಮೊದಲು ನೇರ ಉತ್ತರ ಕೊಟ್ಟುಬಿಡ್ತೀನಿ. ರೈಲು ಬಿಡಬೇಡಿ, ಟಿಟಿ ಬೇಡ, ಅಪ್ಪನನ್ನು ಕರ್ಕೊಂಡು ಹೋಗಿ. ಆದರೆ ಮದುವೆ ಹಿಂದಿನ ದಿನ ಮಧ್ಯಾಹ್ನ ತಲುಪುವ ಲೆಕ್ಕ ಇದೆಯಲ್ಲ, ಅದನ್ನು ಬದಲಾಯಿಸಿ. ಇನ್ನೂ ಎರಡು ದಿನ ಮುಂಚೆ ತಲುಪಿ. ಉಳಿದದ್ದೆಲ್ಲ ಆಮೇಲಿನ ಮಾತು.

ಹುಬ್ಬಳ್ಳಿಯಲ್ಲಿ ಕೂತು ಇಪ್ಪತ್ತು ವರ್ಷದಿಂದ ಜನರನ್ನು ಯಾತ್ರೆಗೆ, ಮದುವೆಗೆ ಕಳಿಸುತ್ತಾ ಬಂದಿದ್ದೇನೆ. ನಮ್ಮ ಕಡೆಯವರು ಈ ವಿಷಯದಲ್ಲಿ ಎಡವುವುದು ಒಂದೇ ಜಾಗದಲ್ಲಿ. ಬೆಳಿಗ್ಗೆ ಎದ್ದು ಅಂಗಳಕ್ಕೆ ಬಂದು ಆಕಾಶ ನೋಡ್ತೀವಿ. ನಮ್ಮಲ್ಲಿ ಡಿಸೆಂಬರ್ ಅಂದರೆ ಥಂಡಿ ಬೆಳಗು, ಒಣ ಮೂಡಗಾಳಿ, ಹೊಲದಲ್ಲಿ ಕಡಲೆ, ಬಿಳಿಜೋಳ, ಕಣದಲ್ಲಿ ಒಣಗುತ್ತಿರುವ ಮೆಣಸಿನಕಾಯಿ. ಗಾಳಿ ಅಂದರೆ ನಮಗೆ ಏಪ್ರಿಲ್, ಮೇ ತಿಂಗಳ ಅಡ್ಡಮಳೆ ಗಾಳಿ, ತಗಡು ಹಾರಿಸುವ ಗಾಳಿ. ಚಳಿಗಾಲದಲ್ಲಿ ಎಂಥ ಗಾಳಿ ಅಂತ ಸುಮ್ನೆ ಇರ್ತೀವಿ.

2023ರ ಡಿಸೆಂಬರ್ ಮೊದಲ ವಾರದ ಒಂದು ಬೆಳಿಗ್ಗೆ ನನಗೆ ಕಣ್ಣಿಗೆ ಕಟ್ಟಿದ ಹಾಗಿದೆ. ಹುಬ್ಬಳ್ಳಿ ನಿಲ್ದಾಣ, ಎಲ್ಲರಿಗೂ ಗೊತ್ತಿರುವ ಆ 1,507 ಮೀಟರ್ ಉದ್ದದ ಪ್ಲಾಟ್‌ಫಾರ್ಮ್. ಬಿಸಿಲು ಎಷ್ಟು ಹಿತವಾಗಿತ್ತು ಅಂದರೆ ನಾಯಿಗಳು ಮೈಚಾಚಿ ಮಲಗಿದ್ದವು. ಧೋತರ, ಟೋಪಿಯ ಒಬ್ಬ ಅಜ್ಜ ವಿಚಾರಣೆ ಕೌಂಟರ್ ಮುಂದೆ ನಿಂತು, "ಗಾಳಿ ಎಲ್ಲೈತ್ರಿ? ಎಲಿ ಅಲುಗವಲ್ತು, ಗಾಡಿ ಯಾಕ್ ಕ್ಯಾನ್ಸಲ್?" ಅಂತ ಜಗಳಕ್ಕೇ ನಿಂತಿದ್ದರು. ಅವರ ಪ್ರಶ್ನೆ ನ್ಯಾಯವಾದದ್ದೇ. ಒಳಗಿದ್ದವರಿಗೆ ಬಿಡಿಸಿ ಹೇಳುವಷ್ಟು ಪುರುಸೊತ್ತು ಇರಲಿಲ್ಲ ಅಷ್ಟೇ.

ಉತ್ತರ ಇಷ್ಟೇ. ನಾವು ಹತ್ತುವ ಗಾಡಿ ನಮ್ಮೂರಲ್ಲಿ ಹುಟ್ಟುವುದಿಲ್ಲ. ಅದೇ ಬೋಗಿಗಳು ಅತ್ತ ಕಡೆಯಿಂದ, ಅಂದರೆ ಚಂಡಮಾರುತ ಬಡಿಯುವ ಕರಾವಳಿ ಕಡೆಯಿಂದ ಬಂದು, ತೊಳೆಸಿಕೊಂಡು, ಮತ್ತೆ ಅತ್ತ ಹೋಗುತ್ತವೆ. ಅಲ್ಲಿಂದ ಹೊರಡಲೇ ಇಲ್ಲ ಅಂದರೆ ಮರುದಿನ ಇಲ್ಲಿಂದ ಹೋಗಲು ಗಾಡಿಯೇ ಇರಲ್ಲ. ಗದಗಿನವರನ್ನು ಕೇಳಿ, ಅಮರಾವತಿ ಎಕ್ಸ್‌ಪ್ರೆಸ್ ಗೊತ್ತಲ್ಲ, ಹುಬ್ಬಳ್ಳಿ, ಗದಗ, ಬಳ್ಳಾರಿ, ಗುಂತಕಲ್ ಮೇಲೆ ವಿಜಯವಾಡ ಕಡೆ ಹೋಗುವ ಗಾಡಿ. 2025ರ ಅಕ್ಟೋಬರ್ 28ರ ರಾತ್ರಿ ಮೊಂಥಾ ಚಂಡಮಾರುತ ಮಚಿಲಿಪಟ್ನಂ ಮತ್ತು ಕಾಕಿನಾಡದ ನಡುವೆ ದಡ ಮುಟ್ಟಿತು. ಅಂಥ ಹೊತ್ತಲ್ಲಿ ಗದಗಿನಲ್ಲಿ ಕೂತವರು ನೋಡಬೇಕಾದದ್ದು ಕಪ್ಪತಗುಡ್ಡದ ಕಡೆ ಅಲ್ಲ, ಆಂಧ್ರದ ಕರಾವಳಿ ಕಡೆ. ಅಲ್ಲಿ ಗಾಳಿ ನಿಂತ ಮೇಲೂ ಒಂದೆರಡು ದಿನ ಇಲ್ಲಿ ಗಾಡಿ ತಪ್ಪಬಹುದು. ಸುದ್ದಿ ವಾಹಿನಿಯವರು ಕ್ಯಾಮೆರಾ ಮಡಚಿಕೊಂಡು ಹೋದ ಮೇಲೆ ನಮ್ಮ ತೊಂದರೆ ಶುರು.

ಈಗ ನಿಮ್ಮ ಚೆನ್ನೈಗೆ ಬರೋಣ. ಹೆದರಿಸುವವರು ಸುಳ್ಳು ಹೇಳುತ್ತಿಲ್ಲ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಬಂಗಾಳಕೊಲ್ಲಿಯಲ್ಲಿ ಚಂಡಮಾರುತದ ಕಾಲ. ನಮಗೆ ಸ್ವಾತಿ, ವಿಶಾಖ, ಅನುರಾಧ ಮಳೆ ಮುಗಿಯುತ್ತಾ ಬಂದರೆ, ಆ ಕಡೆಯವರಿಗೆ ಅದೇ ದೊಡ್ಡ ಮಳೆಗಾಲ. 2016ರ ಡಿಸೆಂಬರ್ 12ರಂದು ವಾರ್ದಾ ಚಂಡಮಾರುತ ಚೆನ್ನೈ ಹತ್ತಿರವೇ ದಡಕ್ಕೆ ಬಂದು ಸಾವಿರಾರು ಮರ ಉರುಳಿಸಿತು. ನಿಮ್ಮ ಮದುವೆಯ ವಾರವೇ ನೋಡಿ. 2023ರ ಡಿಸೆಂಬರ್ ಮೊದಲ ವಾರ ಮಿಚಾಂಗ್. ಇದರದ್ದು ವಿಚಿತ್ರ: ದಡ ಮುಟ್ಟಿದ್ದು 5ನೇ ತಾರೀಕು, ದೂರದ ಆಂಧ್ರದ ಬಾಪಟ್ಲಾ ಹತ್ತಿರ. ಆದರೆ ಅದಕ್ಕೂ ಮುಂಚೆ ಚೆನ್ನೈ ಎದುರಿನ ಸಮುದ್ರದಲ್ಲಿ ನಿಧಾನಕ್ಕೆ ತೆವಳುತ್ತಾ ಊರನ್ನು ಮುಳುಗಿಸಿಬಿಟ್ಟಿತು, ವಿಮಾನ ನಿಲ್ದಾಣದ ರನ್‌ವೇ ಮೇಲೆ ನೀರು. 2024ರ ನವೆಂಬರ್ 30ರಂದು ಫೆಂಗಲ್ ಪುದುಚೇರಿ ಹತ್ತಿರ ಬಂತು. ಬಂದು ಅಲ್ಲೇ ಠಿಕಾಣಿ ಹೂಡಿತು. ಚೆನ್ನೈನಲ್ಲಿ "ಹೋಯ್ತು, ಮುಗೀತು" ಅಂದುಕೊಳ್ಳುವಷ್ಟರಲ್ಲಿ ಡಿಸೆಂಬರ್ 2ರಂದು ವಿಲ್ಲುಪುರಂ ಕಡೆ ರೈಲು ಸೇತುವೆ ಹತ್ತಿರ ನೀರು ಅಪಾಯದ ಗುರುತು ದಾಟಿ, ದಕ್ಷಿಣಕ್ಕೆ ಹೋಗುವ ಗಾಡಿಗಳು ನಿಂತವು. ರಾಮೇಶ್ವರಕ್ಕೆ ಹೋಗುವವರಿಗೆ ಅದೇ ದಾರಿ.

ಅಂದರೆ ಎರಡು ಮಾತು ತಲೆಯಲ್ಲಿರಲಿ. ದಡ ಮುಟ್ಟುವ ಊರೇ ಹಾಳಾಗಬೇಕು ಅಂತಿಲ್ಲ. ಮತ್ತೆ, ರೈಲನ್ನು ನಿಲ್ಲಿಸುವುದು ಗಾಳಿಗಿಂತ ಜಾಸ್ತಿ ನೀರು.

ಗಾಳಿ ಮಾಡುವ ಕೆಲಸ ಗೊತ್ತಿರುವಂಥದ್ದೇ. ಮರ ಬಂದು ಮೇಲಿನ ವಿದ್ಯುತ್ ತಂತಿ ಮೇಲೆ ಬೀಳುತ್ತದೆ, ತಂತಿ ಹರಿದರೆ ಎಲೆಕ್ಟ್ರಿಕ್ ಎಂಜಿನ್ ನಿಂತಲ್ಲೇ ನಿಲ್ಲುತ್ತದೆ. ಆದರೆ ಮರ ಕಡಿದು, ತಂತಿ ಕಟ್ಟಿ, ದಾರಿ ಬಿಡಿಸಿಕೊಳ್ಳಬಹುದು. ನೀರು ಹಾಗಲ್ಲ, ಅದು ಇಳಿಯುವವರೆಗೆ ಕಾಯಲೇಬೇಕು. ಚೆನ್ನೈ ಸೆಂಟ್ರಲ್‌ಗೆ ಒಳಹೋಗುವಾಗ ಬೇಸಿನ್ ಬ್ರಿಡ್ಜ್ ಮತ್ತು ವ್ಯಾಸರಪಾಡಿ ನಡುವೆ ಒಂದು ಸೇತುವೆ ಇದೆ, ರೈಲ್ವೆ ಲೆಕ್ಕದಲ್ಲಿ 14ನೇ ನಂಬರ್. ಅದರ ಕೆಳಗೆ ನೀರು ಮೇಲೇರಿತು ಅಂದರೆ ಬೆಂಗಳೂರು ಕಡೆಯಿಂದ ಹೋದ ಗಾಡಿಗಳು ಸೆಂಟ್ರಲ್ ಮುಟ್ಟಲ್ಲ. ಆವಡಿ, ತಿರುವಳ್ಳೂರು, ಅರಕ್ಕೋಣಂ, ಕಾಟ್ಪಾಡಿ, ಎಲ್ಲೋ ಒಂದು ಕಡೆ ಇಳಿಸುತ್ತಾರೆ. ಹನ್ನೊಂದು ಜನ, ರೇಷ್ಮೆ ಸೀರೆ ಪೆಟ್ಟಿಗೆ, ಒಡವೆ, ಮುಯ್ಯಿ ಸಾಮಾನು, 78ರ ಅಪ್ಪ, ನಡುರಾತ್ರಿ ಅರಕ್ಕೋಣಂ. ಇದಕ್ಕೇ ನಾನು ಎರಡು ದಿನ ಮುಂಚೆ ಅನ್ನುತ್ತಿರುವುದು. ಈ ನಾಲ್ಕು ನಿಲ್ದಾಣದ ಹೆಸರು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಬೀಗರಿಗೆ ಈಗಲೇ ಹೇಳಿಡಿ, ಹೀಗಾದರೆ ಗಾಡಿ ಕಳಿಸ್ತೀರಾ ಅಂತ. ಬೀಗರ ಮುಂದೆ ಇಂಥದ್ದು ಕೇಳೋದಕ್ಕೆ ನಮ್ಮವರಿಗೆ ಸಂಕೋಚ, ಆದರೆ ಆ ಊರಿನವರಿಗೆ ಇದು ಹೊಸದಲ್ಲ, ನಿಮಗಿಂತ ಚೆನ್ನಾಗಿ ಗೊತ್ತಿರುತ್ತೆ.

ಸುದ್ದಿ ಯಾವಾಗ ನೋಡಬೇಕು, ಯಾವಾಗ ನಿರ್ಧಾರ ಮಾಡಬೇಕು ಅನ್ನೋದೇ ದೊಡ್ಡ ಕಲೆ. ವಾಟ್ಸಾಪ್‌ನಲ್ಲಿ ಬರುವ ಕೆಂಪು ಬಣ್ಣದ ನಕ್ಷೆ ನಂಬಬೇಡಿ, ಅರ್ಧಕ್ಕರ್ಧ ಹಳೇ ವರ್ಷದ್ದಿರುತ್ತೆ. ಭಾರತೀಯ ಹವಾಮಾನ ಇಲಾಖೆಯ ಪ್ರಕಟಣೆ ನೋಡಿ, ಅವರ ಮೌಸಂ ಆ್ಯಪ್ ಇದೆ. ಇಲಾಖೆಯವರು ಹಂತಹಂತವಾಗಿ ಹೇಳುತ್ತಾರೆ: ಸುಮಾರು 72 ಗಂಟೆ ಮೊದಲು "ಗಮನ ಇರಲಿ" ಅನ್ನುವ ಹಂತ, 48 ಗಂಟೆ ಮೊದಲು ಎಚ್ಚರಿಕೆ, 24 ಗಂಟೆ ಮೊದಲು ಗಟ್ಟಿ ಎಚ್ಚರಿಕೆ. ಇದನ್ನು ನಿಮ್ಮ ಪ್ರಯಾಣಕ್ಕೆ ಹೊಂದಿಸಿಕೊಳ್ಳಿ. ಮೊದಲ ಹಂತ ಬಂದಾಗ ಹೆದರುವುದು ಬೇಡ, ಟಿಕೆಟ್ ರದ್ದು ಮಾಡುವುದಂತೂ ಬೇಡವೇ ಬೇಡ, ಬದಲಿ ದಾರಿ ಯಾವುದಿದೆ ಅಂತ ನೋಡಿಡಿ. 48 ಗಂಟೆ ಉಳಿದಾಗ ಮನೆಯವರೆಲ್ಲ ಕೂತು ಹೋಗುವುದಾ, ನಿಲ್ಲುವುದಾ, ಅರ್ಧ ಜನ ಮೊದಲು ಹೋಗುವುದಾ ಅಂತ ತೀರ್ಮಾನ ಮಾಡಿ. 24 ಗಂಟೆಯ ಹಂತಕ್ಕೆ ಬಂದರೆ ನೀವು ಒಂದೋ ಚೆನ್ನೈನ ಮನೆಯೊಳಗಿರಬೇಕು, ಇಲ್ಲಾ ಹಾವೇರಿಯ ಮನೆಯೊಳಗಿರಬೇಕು. ನಡುದಾರಿಯಲ್ಲಿ ಮಾತ್ರ ಇರಬಾರದು.

ಪ್ರಕಟಣೆಯ ಭಾಷೆ ಸ್ವಲ್ಪ ಅರ್ಥ ಮಾಡಿಕೊಂಡರೆ ಸುಮ್ಮಸುಮ್ಮನೆ ಗಾಬರಿ ಆಗಲ್ಲ. "ವಾಯುಭಾರ ಕುಸಿತ" ಅಂದ ತಕ್ಷಣ ಚಂಡಮಾರುತ ಅಲ್ಲ. ಡಿಪ್ರೆಶನ್ ಅಂದರೆ ಗಾಳಿ ಗಂಟೆಗೆ 31ರಿಂದ 49 ಕಿ.ಮೀ., ಡೀಪ್ ಡಿಪ್ರೆಶನ್ 50ರಿಂದ 61. 62 ದಾಟಿದ ಮೇಲಷ್ಟೇ ಅದಕ್ಕೆ ಚಂಡಮಾರುತ ಅಂತ ಹೆಸರಿಡುವುದು. 89 ದಾಟಿದರೆ ತೀವ್ರ. ಹೆಸರು ಬಿತ್ತು ಅಂದರೆ ನೀವು ಕಿವಿ ನೆಟ್ಟಗೆ ಮಾಡಿ. ಆದರೆ ಮಳೆಯ ಬಣ್ಣವನ್ನೂ ನೋಡಿ, ಹಳದಿ, ಕಿತ್ತಳೆ, ಕೆಂಪು. ಗಾಳಿ ಕಡಿಮೆಯಿದ್ದು ಮಳೆ ಕೆಂಪು ಇದ್ದರೂ ರೈಲಿಗೆ ಅಷ್ಟೇ ತೊಂದರೆ.

ಇನ್ನು ಟಿಟಿ. ಯಾಕೆ ಬೇಡ ಅಂದೆ ಅಂದರೆ, ಗಾಳಿಯ ಹೊಡೆತ ವೇಗದ ವರ್ಗದ ಲೆಕ್ಕದಲ್ಲಿ ಏರುತ್ತದೆ. 40 ಕಿ.ಮೀ. ಗಾಳಿ 80 ಆದರೆ ಹೊಡೆತ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಟಿಟಿ ಎತ್ತರದ ಗಾಡಿ, ಪಕ್ಕದಿಂದ ನೋಡಿದರೆ ಒಂದು ಗೋಡೆ. ಅದರ ಮೇಲೆ ಕ್ಯಾರಿಯರ್‌ನಲ್ಲಿ ಪೆಟ್ಟಿಗೆ ಪೇರಿಸಿ ತಾಡಪಾಲು ಕಟ್ಟಿದರೆ ಕೇಳಬೇಡಿ. ನಮ್ಮ ಹೆದ್ದಾರಿಯಲ್ಲಿ ಚಿತ್ರದುರ್ಗದ ಗಾಳಿಯಂತ್ರಗಳ ಹತ್ತಿರ ಹೋಗುವಾಗ ಸ್ಟೇರಿಂಗ್ ಪಕ್ಕಕ್ಕೆ ಎಳೆದ ಹಾಗಾಗುತ್ತೆ ಅಂತ ಡ್ರೈವರ್‌ಗಳು ಹೇಳ್ತಾರೆ, ಆ ಯಂತ್ರಗಳನ್ನು ಅಲ್ಲಿ ಸುಮ್ನೆ ನಿಲ್ಲಿಸಿಲ್ಲವಲ್ಲ. ದೊಡ್ಡ ಲಾರಿಯ ಮರೆಯಿಂದ ಹೊರಗೆ ಬಂದ ಕ್ಷಣ ಒಮ್ಮೆಲೇ ಗಾಳಿ ಬಡಿಯುತ್ತೆ, ಅಲ್ಲೇ ಜಾಸ್ತಿ ಜನ ತಪ್ಪುವುದು. ಸೇತುವೆ ಮೇಲೆ, ಫ್ಲೈಓವರ್ ಮೇಲೂ ಅಷ್ಟೇ. ಅದೂ ಅಲ್ಲದೆ ಹಾವೇರಿಯಿಂದ ಚೆನ್ನೈ ಅಂದರೆ ಹೆಚ್ಚೂ ಕಡಿಮೆ ಏಳುನೂರು ಕಿ.ಮೀ. ಒಬ್ಬ ಡ್ರೈವರ್, ರಾತ್ರಿ, ಮಳೆ. ನಾನಂತೂ ನಮ್ಮ ಮನೆಯವರನ್ನು ಕಳಿಸಲ್ಲ. ರೈಲು ರದ್ದಾಗಿ ಬೇರೆ ದಾರಿಯೇ ಇಲ್ಲದಿದ್ದರೆ ಹಗಲು ಮಾತ್ರ ಓಡಿಸಿ, ಬೆಂಗಳೂರಿನಲ್ಲಿ ರಾತ್ರಿ ತಂಗಿ, ಹೆದ್ದಾರಿಯಲ್ಲಿ ಏನಾದರೂ ಆದರೆ 1033ಕ್ಕೆ ಫೋನ್ ಮಾಡಿ. ನೀರು ಹರಿಯುತ್ತಿರುವ ರಸ್ತೆಗೆ ಇಳಿಸಲು ಡ್ರೈವರ್ "ಏನಾಗಲ್ರಿ" ಅಂದರೆ ನೀವು "ಆಗುತ್ತಪ್ಪ, ನಿಲ್ಸು" ಅನ್ನಿ.

ಟಿಕೆಟ್ ದುಡ್ಡಿನ ವಿಷಯ ಎಲ್ಲರೂ ಕೇಳುತ್ತಾರೆ, ನೀವು ಕೇಳಿಲ್ಲ, ಆದರೂ ಹೇಳ್ತೀನಿ. ಇಲ್ಲಿ ನಾನೇ ಒಂದು ಸಲ ದಡ್ಡತನ ಮಾಡಿದ್ದೆ. ಸೈಕ್ಲೋನ್ ಸುದ್ದಿ ಕೇಳಿ ಗಾಬರಿಯಾಗಿ ಒಂದು ಗುಂಪಿನ ಟಿಕೆಟ್ ಎಲ್ಲಾ ನಾನೇ ರದ್ದು ಮಾಡಿಸಿದೆ, ಕಡಿತ ಹೋಯ್ತು. ಮರುದಿನ ರೈಲ್ವೆಯವರೇ ಆ ಗಾಡಿ ರದ್ದು ಮಾಡಿದರು, ಕಾಯ್ದಿದ್ದರೆ ಪೂರ್ತಿ ದುಡ್ಡು ಬರ್ತಿತ್ತು. ಹನ್ನೆರಡು ಮನೆಗಳಿಗೆ ನಾನು ಕೈಯಿಂದ ಕೊಟ್ಟೆ. ಆದ್ದರಿಂದ ಅವಸರ ಬೇಡ. ರೈಲ್ವೆಯವರೇ ಗಾಡಿ ರದ್ದು ಮಾಡಿದರೆ ಆನ್‌ಲೈನ್ ಟಿಕೆಟ್ ದುಡ್ಡು ತಾನಾಗಿ ಖಾತೆಗೆ ಬರುತ್ತೆ. ಕೌಂಟರ್ ಟಿಕೆಟ್ ಆದರೆ ಮೂರು ದಿನದೊಳಗೆ ಕೌಂಟರ್‌ಗೆ ಹೋಗಿ ಕೊಡಬೇಕು, ಅಜ್ಜನ ಜೇಬಲ್ಲೇ ಉಳಿದರೆ ದುಡ್ಡು ಹೋಯ್ತು. ಗಾಡಿ ಮೂರು ಗಂಟೆಗಿಂತ ಜಾಸ್ತಿ ತಡವಾಗಿ, ನೀವು ಹೋಗುವುದೇ ಬೇಡ ಅಂದುಕೊಂಡರೂ ಪೂರ್ತಿ ವಾಪಸ್ ಸಿಗುತ್ತೆ, ಆದರೆ ಗಾಡಿ ನಿಮ್ಮ ನಿಲ್ದಾಣ ಬಿಡುವ ಮೊದಲೇ ಟಿಡಿಆರ್, ಅಂದರೆ ದುಡ್ಡು ವಾಪಸ್ ಕೇಳುವ ಅರ್ಜಿ, ಹಾಕಿರಬೇಕು. ಅರ್ಧದಾರಿಯಲ್ಲಿ ನಿಲ್ಲಿಸಿದರೂ ಟಿಡಿಆರ್ ಹಾಕಲೇಬೇಕು, ಅದು ತಾನಾಗಿ ಬರಲ್ಲ. ಟಿಕೆಟ್ ಜೊತೆ ಪೈಸೆ ಲೆಕ್ಕದಲ್ಲಿ ಕೊಡುವ ವಿಮೆ ಇದೆಯಲ್ಲ, ಅದು ಅಪಘಾತಕ್ಕೆ, ರದ್ದಾದ ಗಾಡಿಗಲ್ಲ.

ನಿಮ್ಮದು ಎರಡು ಗಾಡಿಯ ಪ್ರಯಾಣ. ಒಂದು ಪಿಎನ್‌ಆರ್‌ನಲ್ಲಿ ಆರು ಜನ ಮಾತ್ರ, ಅಂದರೆ ನಿಮ್ಮದು ಕನಿಷ್ಠ ಎರಡು ಪಿಎನ್‌ಆರ್, ಎರಡೂ ಗಾಡಿ ಸೇರಿ ನಾಲ್ಕು. ಮೊದಲ ಗಾಡಿಯ ಪಿಎನ್‌ಆರ್‌ಗೆ ಎರಡನೆಯದನ್ನು ಜೋಡಿಸುವ ಸೌಲಭ್ಯ 2019ರಿಂದ ಇದೆ. ಜೋಡಿಸಿದ್ದರೆ ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದಾಗ ದುಡ್ಡು ಕೇಳಬಹುದು. ಇಲ್ಲದಿದ್ದರೆ ಕೇಳುವ ಹಾಗಿಲ್ಲ. ಜನರ ಹೆಸರು ಎರಡರಲ್ಲೂ ಒಂದೇ ಥರ ಇರಬೇಕು. ಬೆಂಗಳೂರಿನಲ್ಲಿ ಇಳಿಯುವ ನಿಲ್ದಾಣ, ಹತ್ತುವ ನಿಲ್ದಾಣ ಒಂದೇ ಇರುವ ಹಾಗೆ ನೋಡಿ. ಯಶವಂತಪುರದಲ್ಲಿ ಇಳಿದು ಬೈಯಪ್ಪನಹಳ್ಳಿಯಲ್ಲಿ ಹತ್ತುವುದು ಅಂದರೆ ಅದು ಇನ್ನೊಂದು ಪ್ರಯಾಣವೇ. ಗಾಡಿ ಎಲ್ಲಿದೆ ಅಂತ 139ಕ್ಕೆ ಕೇಳಿ, ಇಲ್ಲಾ ರೈಲ್ವೆಯ ಎನ್‌ಟಿಇಎಸ್ ಆ್ಯಪ್ ನೋಡಿ. ನಿಮ್ಮ ಗಾಡಿ ಮಾತ್ರ ಅಲ್ಲ, ಅದೇ ಬೋಗಿಗಳು ಬರುವ ಅತ್ತ ಕಡೆಯ ಗಾಡಿಯನ್ನೂ ಹಿಂದಿನ ದಿನ ನೋಡಿ. ಅದು ಹೊರಟಿದ್ದರೆ ಮುಕ್ಕಾಲು ಪಾಲು ನಿಶ್ಚಿಂತೆ.

ವಿಮಾನದಲ್ಲಿ ಬರುವ ನೆಂಟರಿದ್ದರೆ ಅವರಿಗೂ ಹೇಳಿ. ಹವಾಮಾನದಿಂದ ರದ್ದಾದರೆ ಟಿಕೆಟ್ ದುಡ್ಡು ಅಥವಾ ಬೇರೆ ವಿಮಾನ ಕೊಡಬೇಕು, ಆದರೆ ಅದರ ಮೇಲೆ ಪರಿಹಾರ ಸಿಗಲ್ಲ. ಕೌಂಟರ್ ಹುಡುಗಿ ಮೇಲೆ ಕೂಗಾಡಿ ಪ್ರಯೋಜನ ಇಲ್ಲ.

ರಾಮೇಶ್ವರ. ಇದನ್ನು ಮದುವೆ ಟಿಕೆಟ್ ಜೊತೆ ಗಂಟು ಹಾಕಬೇಡಿ. ಪಾಂಬನ್ ಸೇತುವೆ ಸಮುದ್ರದ ಮೇಲಿದೆ. ಹಳೇ ಸೇತುವೆಯಲ್ಲಿ ಗಾಳಿ 58 ಕಿ.ಮೀ. ದಾಟಿದರೆ ಸಿಗ್ನಲ್ ತಾನಾಗಿ ಕೆಂಪಾಗುತ್ತಿತ್ತು. 2025ರ ಏಪ್ರಿಲ್ 6ರಂದು ಹೊಸ ಸೇತುವೆ ಶುರುವಾಗಿದೆ, ಅಲ್ಲೂ ಗಾಳಿಗೆ ಮಿತಿ ಇದೆ. ಇದು ಸುಮ್ನೆ ಮಾಡಿದ ನಿಯಮ ಅಲ್ಲ. 1964ರ ಡಿಸೆಂಬರ್ 22ರ ರಾತ್ರಿ ಧನುಷ್ಕೋಡಿಗೆ ಹೋಗುತ್ತಿದ್ದ ಪ್ಯಾಸೆಂಜರ್ ರೈಲನ್ನು ಅಲೆಗಳು ಜನರ ಸಮೇತ ಎಳೆದುಕೊಂಡು ಹೋದವು. ಆ ಊರು ಮತ್ತೆ ಏಳಲೇ ಇಲ್ಲ, ಇವತ್ತು ನಾವು ಅಲ್ಲಿ ಫೋಟೋ ತೆಗೆಸಿಕೊಳ್ಳುವುದು ಅದರ ಚರ್ಚಿನ ಮುರುಕು ಗೋಡೆ ಮುಂದೆ. ಗಾಳಿ ಜೋರಿದ್ದರೆ ಗಾಡಿಯನ್ನು ಮಂಡಪಂನಲ್ಲೇ ನಿಲ್ಲಿಸಬಹುದು, ಅಲ್ಲಿಂದ ರಸ್ತೆ ಸೇತುವೆ ಮೇಲೆ ಬಸ್ಸಿನಲ್ಲಿ ಹೋಗಬೇಕಾಗುತ್ತೆ. ಮದುವೆ ಮುಗಿದ ಮೇಲೆ ಆಕಾಶ ತಿಳಿಯಾಗಿದ್ದರೆ ಹೋಗಿ. ಇಲ್ಲದಿದ್ದರೆ ಫೆಬ್ರುವರಿಯಲ್ಲಿ ಹೋಗಿ, ಸಮುದ್ರವೂ ತಣ್ಣಗಿರುತ್ತೆ, ರಾಮಲಿಂಗೇಶ್ವರ ಎಲ್ಲೂ ಓಡಿಹೋಗಲ್ಲ.

ಮನೆ ಬಿಡುವ ಮುಂಚೆ ಹಿಂದಿನದ್ದೂ ಸ್ವಲ್ಪ ನೋಡಿ. ಚಂಡಮಾರುತದ ಬಾಲ ಕೆಲವು ಸಲ ಕರ್ನಾಟಕದ ಒಳಗೂ ಬರುತ್ತೆ, ನಮ್ಮಲ್ಲಿ ಅದು ಗಾಳಿಗಿಂತ ಮೂರು ದಿನದ ಮೋಡ, ಜಿಟಿಜಿಟಿ. ಮೆಣಸಿನಕಾಯಿ ಕಣದಲ್ಲಿ ಹರವಿದ್ದರೆ ಯಾರಿಗಾದರೂ ಹೇಳಿ ಹೋಗಿ, ಒಂದು ರಾತ್ರಿ ನೆನೆದರೆ ಬಣ್ಣ ಹೋಗಿ ಬ್ಯಾಡಗಿ ಪೇಟೆಯಲ್ಲಿ ಕೇಳುವವರಿರಲ್ಲ. ನೀರಿನ ಟ್ಯಾಂಕಿನ ಮುಚ್ಚಳ ಬಿಗಿ ಮಾಡಿ. ಕರೆಂಟ್ ತಂತಿ ಹರಿದರೆ 1912 ಅಂತ ಪಕ್ಕದ ಮನೆಯವರಿಗೆ ತಿಳಿಸಿಡಿ.

ಚೀಲದಲ್ಲಿ ಏನಿರಬೇಕು ಅನ್ನುವುದಕ್ಕೆ ನಮ್ಮವರಿಗೆ ಯಾರೂ ಪಾಠ ಹೇಳಬೇಕಿಲ್ಲ. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ. ಒಂದು ಬಿಳಿ ಬಟ್ಟೆಯಲ್ಲಿ ಇಪ್ಪತ್ತೈದು ರೊಟ್ಟಿ ಕಟ್ಟಿ ಡಬ್ಬಿಯಲ್ಲಿ ನಿಲ್ಲಿಸಿಟ್ಟರೆ ಹದಿನೈದು ದಿನ ಏನೂ ಆಗಲ್ಲ. ನಿಂತ ಗಾಡಿಯಲ್ಲಿ ಪ್ಯಾಂಟ್ರಿಯ ಬಿಸ್ಕತ್ತು ಮೊದಲ ಎರಡು ತಾಸಲ್ಲೇ ಖಾಲಿ. ಮೊಸರು ಬೇಡ, ಕೆಡುತ್ತೆ. ಕುಡಿಯುವ ನೀರು ತಲೆಗೆ ಎರಡು ಲೀಟರ್ ಇರಲಿ. ನಗದು ಬೇಕೇ ಬೇಕು, ಹತ್ತು, ಐವತ್ತು, ನೂರರ ನೋಟು. ಕರೆಂಟ್ ಹೋಗಿ ಟವರ್ ಸತ್ತರೆ ಫೋನ್‌ಪೇ, ಗೂಗಲ್‌ಪೇ ಯಾವುದೂ ನಡೆಯಲ್ಲ, ಆಗ ಚಹಾದವನು ಐನೂರರ ನೋಟಿಗೆ ಚಿಲ್ಲರೆ ಇಲ್ಲ ಅಂತಾನೆ. ಪವರ್ ಬ್ಯಾಂಕ್ ಎರಡು. ಬೀಗರ ನಂಬರ್, ಕಲ್ಯಾಣ ಮಂಟಪದ ವಿಳಾಸ ಕಾಗದದ ಮೇಲೆ ಬರೆದು ನಾಲ್ಕು ಜನರ ಹತ್ತಿರ ಇರಲಿ, ತಮಿಳಿನಲ್ಲೂ ಬರೆಸಿಕೊಂಡಿದ್ದರೆ ಇನ್ನೂ ಒಳ್ಳೆಯದು.

ಇನ್ನು ಅಪ್ಪ. ಹೋಗುವ ಎಂಟು ದಿನ ಮುಂಚೆ ಅವರ ಡಾಕ್ಟರನ್ನು ಕಂಡು, ಹೋಗುವ ದಿನಗಳ ಎರಡರಷ್ಟು ಔಷಧಿ ಬರೆಸಿಕೊಳ್ಳಿ. ಬಳಸಲು ಶುರು ಮಾಡಿದ ಇನ್ಸುಲಿನ್ ಸಾಮಾನ್ಯವಾಗಿ ಫ್ರಿಜ್ ಇಲ್ಲದೆಯೂ ತಂಪು ಜಾಗದಲ್ಲಿ ಸುಮಾರು ನಾಲ್ಕು ವಾರ ಇರುತ್ತೆ, ಅವರದ್ದು ಯಾವುದು, ಎಷ್ಟು ದಿನ ಅಂತ ಡಾಕ್ಟರನ್ನೇ ಕೇಳಿ. ಐಸ್ ಮೇಲೆ ನೇರವಾಗಿ ಇಡಬೇಡಿ, ಹೆಪ್ಪುಗಟ್ಟಿದರೆ ಅದು ಬಿಸಾಡುವುದಕ್ಕೇ. ಸೂಜಿ ಚುಚ್ಚಿಕೊಂಡು ಊಟ ಸಿಗದೆ ಕೂರುವುದು ಅವರಿಗೆ ಅತಿ ಅಪಾಯ, ಆದ್ದರಿಂದ ಊಟ ಕೈಗೆ ಬಂದ ಮೇಲೆಯೇ ಸೂಜಿ, ಜೇಬಿನಲ್ಲಿ ಬೆಲ್ಲದ ಚೂರು ಅಥವಾ ಗ್ಲೂಕೋಸ್. ಔಷಧಿ ಚೀಲ ದೊಡ್ಡ ಪೆಟ್ಟಿಗೆಯಲ್ಲಿ ಬೇಡ, ಅವರ ಪಕ್ಕ ಕೂರುವವರ ಹೆಗಲ ಮೇಲಿರಲಿ.

ಹನ್ನೊಂದೂ ಜನ ಮೂರು ದಿನ ಮುಂಚೆ ಹೋಗೋದು ಆಗದಿದ್ದರೆ, ಶಾಲೆ, ಕೆಲಸ ಅಂತ ಇದ್ದೇ ಇರುತ್ತೆ, ಅಪ್ಪ ಮತ್ತು ಇನ್ನಿಬ್ಬರು ಮೊದಲು ಹೋಗಲಿ. ಒಡವೆ ಅವರ ಕೈಲಿ ಬೇಡ. ಹೊರಡುವ ದಿನ ಗಾಡಿ ಹಾವೇರಿಗೆ ಬರುವುದು ಖಾತ್ರಿ ಆಗುವವರೆಗೆ ಅವರು ಮನೆಯಲ್ಲೇ ಕಾಲುಚಾಚಿ ಕೂತಿರಲಿ, ಪ್ಲಾಟ್‌ಫಾರ್ಮಿನ ಕಲ್ಲುಬೆಂಚಿನ ಮೇಲಲ್ಲ.